ಸ್ಟೆಂಟ್ ಹಾಕಿಸಿಕೊಂಡ ಮೇಲಿನ ವರ್ಷ: ಖಿನ್ನತೆ, ಹೃದಯ ಮತ್ತು ಕೊಡಗು

2025ರ ಜೂನ್ ತಿಂಗಳಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಬೆನ್ನುಬೆನ್ನಿಗೆ ಬಂದಾಗ ಕೊಡಗಿನ ಮನೆಗಳಲ್ಲೂ ದಿಗಿಲು ಹುಟ್ಟಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗ್ಗೆಯೇ ಸಾಲುಗಟ್ಟಿದರು. ಎದೆನೋವು ಕಂಡೇ ಇರದವರೂ ಇಸಿಜಿ ಮಾಡಿಸಿಕೊಂಡು ಬಂದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಾಗ ಹೊಸ ಭೂತ ಯಾವುದೂ ಸಿಗಲಿಲ್ಲ. ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ, ಕಾರಣಗಳೂ ಹಳೆಯವೇ ಎಂದಿತು ಸಮಿತಿ: ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯ, ಬೊಜ್ಜು. ಟಿವಿ ಚರ್ಚೆಗಳು ತಮ್ಮ ಕಡೆಯಿಂದ ‘ಒತ್ತಡ’ವನ್ನು ಸೇರಿಸಿದವು. ಒತ್ತಡ ಇದೆ ಎಂದು ಹೇಳಿಕೊಳ್ಳಲು ಯಾರಿಗೂ ಮುಜುಗರವಿಲ್ಲ. ಅದರಲ್ಲಿ ದುಡಿಯುವವನ ಹೆಮ್ಮೆಯೂ ಸ್ವಲ್ಪ ಬೆರೆತಿರುತ್ತದೆ. ಖಿನ್ನತೆಯನ್ನು ಹಾಗೆ ಹೇಳಿಕೊಳ್ಳುವವರಿಲ್ಲ. ಹೃದಯದ ಮೇಲೆ ಅದು ಬೀರುವ ಪರಿಣಾಮದ ಬಗ್ಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದ ಸಂಶೋಧನೆ ಇದ್ದರೂ ಆ ಚರ್ಚೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಕಡಿಮೆ.

ಆ ಸಂಶೋಧನೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. ‘ಖಿನ್ನತೆಯಿಂದ ಹೃದಯಾಘಾತ’, ‘ಖಿನ್ನತೆಯ ಮಾತ್ರೆಯಿಂದ ಹೃದಯಕ್ಕೆ ರಕ್ಷಣೆ’ ಎಂಬ ಎರಡೂ ಶೀರ್ಷಿಕೆಗಳು ಆಗಾಗ ಕಾಣಿಸುತ್ತವೆ. ಮೊದಲನೆಯದು ಅರ್ಧ ನಿಜ. ಎರಡನೆಯದು ಇನ್ನೂ ಸಾಬೀತಾಗಬೇಕಾದದ್ದು.

ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತದಿಂದ ಆಸ್ಪತ್ರೆ ಸೇರಿದ 222 ಮಂದಿಯನ್ನು ಮಾತನಾಡಿಸಿ, ಖಿನ್ನತೆ ಇರುವವರನ್ನು ಗುರುತಿಸಿ, ಆರು ತಿಂಗಳು ಹಿಂಬಾಲಿಸಿದರು. 1993ರಲ್ಲಿ ಪ್ರಕಟವಾದ ಫಲಿತಾಂಶ ಹೃದ್ರೋಗ ತಜ್ಞರನ್ನು ಬೆಚ್ಚಿಬೀಳಿಸಿತು. ಖಿನ್ನತೆ ಇದ್ದವರು ಆ ಆರು ತಿಂಗಳಲ್ಲಿ ಸಾಯುವ ಸಂಭವ, ಇಲ್ಲದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಹೃದಯ ಎಷ್ಟು ಘಾಸಿಗೊಂಡಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಅಳಿಯಲಿಲ್ಲ. ಆದರೆ ಅಧ್ಯಯನದಲ್ಲಿ ಸತ್ತವರು ಒಟ್ಟು 12 ಮಂದಿ. ಇಷ್ಟು ಸಣ್ಣ ಸಂಖ್ಯೆಯ ಮೇಲೆ ನಿಂತ ‘ನಾಲ್ಕು ಪಟ್ಟು’ ದೊಡ್ಡ ಅಧ್ಯಯನಗಳಲ್ಲಿ ತಗ್ಗಲೇಬೇಕಿತ್ತು, ತಗ್ಗಿತು. ತಗ್ಗಿತೇ ಹೊರತು ಮಾಯವಾಗಲಿಲ್ಲ. 2014ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್, ಹೃದಯಾಘಾತವಾದವರಲ್ಲಿ ಖಿನ್ನತೆಯನ್ನೂ ಒಂದು ಅಪಾಯಕಾರಿ ಅಂಶವೆಂದು ಪರಿಗಣಿಸಬೇಕು ಎಂದು ಹೇಳಿಕೆ ಕೊಟ್ಟಿತು.

ಅದು ಈಗಾಗಲೇ ಹೃದಯದ ಕಾಯಿಲೆ ಇರುವವರ ಮಾತು. ಹೃದಯ ಸರಿಯಾಗಿಯೇ ಇರುವವರಲ್ಲಿ? 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ, ಮೊದಲ ಹೃದಯಾಘಾತಕ್ಕೆ ಕಾರಣವಾಗುವ ಒಂಬತ್ತು ಅಂಶಗಳಲ್ಲಿ ಮಾನಸಿಕ-ಸಾಮಾಜಿಕ ಅಂಶಗಳನ್ನೂ ಒಂದಾಗಿ ಗುರುತಿಸಿತು. 2020ರಲ್ಲಿ ಪ್ಯೂರ್ ಎಂಬ ಇನ್ನೊಂದು ಬೃಹತ್ ಅಧ್ಯಯನ 21 ದೇಶಗಳ 1.45 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಮುಂದಿಟ್ಟಿತು. ಅದರಲ್ಲಿ ಭಾರತೀಯರೂ ಇದ್ದರು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರೂ ಇದ್ದರು. ಖಿನ್ನತೆಯ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಲಕ್ಷಣ ಹೇಳಿಕೊಂಡವರಲ್ಲಿ ಹೃದಯ-ರಕ್ತನಾಳದ ಕಾಯಿಲೆ ಅಥವಾ ಸಾವಿನ ಅಪಾಯ ಸುಮಾರು ಶೇ 20ರಷ್ಟು ಹೆಚ್ಚು. ಸಿಗರೇಟು, ಬಿಪಿಗಳ ಪಕ್ಕ ಇಟ್ಟರೆ ಇದು ಸಣ್ಣದು. ಆದರೆ ಖಿನ್ನತೆ ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಇಪ್ಪತ್ತರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆಗೆ ಒಳಗಾಗಿದ್ದಾರೆ. ಸಾಮಾನ್ಯ ಮಾನಸಿಕ ಕಾಯಿಲೆಗಳಿರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪೂರ್ವಭಾವಿ ಪ್ರಯೋಗ ನಡೆಸಿ, ಸಮೀಕ್ಷೆಯನ್ನು ಬೇರೆಡೆ ಮಾಡಿದರು. ನಿಮ್ಹಾನ್ಸ್ ಇರುವ ರಾಜ್ಯದ ಅಂಕಿಅಂಶವೇ ನಿಮ್ಹಾನ್ಸ್ ಸಮೀಕ್ಷೆಯಲ್ಲಿಲ್ಲ ಎಂಬುದು ವಿಚಿತ್ರ.

ಮನಸ್ಸು ಕುಗ್ಗಿದರೆ ಹೃದಯಕ್ಕೇನು ಎಂಬ ಪ್ರಶ್ನೆಗೆ ಪ್ರಯೋಗಾಲಯ ಕೊಡುವ ಉತ್ತರಗಳು ಹಲವು. ದೀರ್ಘಕಾಲದ ಖಿನ್ನತೆಯಲ್ಲಿ ಕಾರ್ಟಿಸಾಲ್‌ನಂತಹ ಹಾರ್ಮೋನುಗಳ ಏರಿಳಿತ ಕೆಡುತ್ತದೆ. ರಕ್ತದಲ್ಲಿ ಉರಿಯೂತದ ಸೂಚಕಗಳು ಹೆಚ್ಚಿರುತ್ತವೆ. ಆರೋಗ್ಯವಂತ ಹೃದಯ ಪ್ರತಿ ಬಡಿತದ ನಡುವೆ ಸಣ್ಣ ವ್ಯತ್ಯಾಸ ಮಾಡಿಕೊಳ್ಳುತ್ತಿರುತ್ತದೆ. ಖಿನ್ನತೆಯಲ್ಲಿ ಆ ಹೊಂದಾಣಿಕೆಯ ಶಕ್ತಿ ತಗ್ಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುವ ಸ್ವಭಾವ ತೋರುತ್ತವೆ. ಮಿದುಳಿನ ರಾಸಾಯನಿಕವೆಂದು ನಾವು ಕೇಳಿರುವ ಸೆರಟೋನಿನ್ ಈ ಪ್ಲೇಟ್‌ಲೆಟ್‌ಗಳಲ್ಲೂ ತುಂಬಿರುತ್ತದೆ. ಖಿನ್ನತೆಯ ಮಾತ್ರೆಗಳು ಹೃದಯಕ್ಕೂ ಒಳಿತು ಮಾಡಬಹುದು ಎಂಬ ಆಸೆ ಹುಟ್ಟಿದ್ದು ಇಲ್ಲಿಂದ.

ಆದರೆ ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಅತ್ಯಂತ ಮುಖ್ಯ ಅಧ್ಯಯನ ಪ್ಲೇಟ್‌ಲೆಟ್‌ಗಳ ಬಗ್ಗೆ ಅಲ್ಲ. ಅದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೇರಿ ಹೂಲಿ ಮತ್ತು ಸಂಗಡಿಗರು ನಡೆಸಿದ ‘ಹಾರ್ಟ್ ಆ್ಯಂಡ್ ಸೋಲ್’ ಅಧ್ಯಯನ. ಹೃದಯದ ರಕ್ತನಾಳದ ಕಾಯಿಲೆ ಇದ್ದೂ ಸ್ಥಿರವಾಗಿದ್ದ 1,017 ಮಂದಿಯನ್ನು ಅವರು ವರ್ಷಗಟ್ಟಲೆ ಗಮನಿಸಿದರು. 2008ರಲ್ಲಿ ಬಂದ ಫಲಿತಾಂಶದ ಮೊದಲ ಸಾಲು ನಿರೀಕ್ಷಿತವೇ: ಖಿನ್ನತೆಯ ಲಕ್ಷಣಗಳಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯ (ರಕ್ತ ಪಂಪ್ ಮಾಡುವ ಶಕ್ತಿ ಕುಗ್ಗುವುದು), ಸಾವು ಇವೆಲ್ಲ ಸುಮಾರು ಶೇ 50ರಷ್ಟು ಹೆಚ್ಚು. ಆಮೇಲೆ ಅವರು ಒಂದೊಂದೇ ಅಂಶವನ್ನು ಲೆಕ್ಕದಿಂದ ಕಳೆಯುತ್ತ ಹೋದರು. ಉರಿಯೂತ, ಹಾರ್ಮೋನು, ಬಡಿತದ ವ್ಯತ್ಯಾಸ ಇವೆಲ್ಲ ಕಳೆದರೂ ಸಂಬಂಧ ಹೆಚ್ಚು ಅಲುಗಾಡಲಿಲ್ಲ. ಧೂಮಪಾನ, ಮಾತ್ರೆ ತಪ್ಪಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ದೈಹಿಕ ಚಟುವಟಿಕೆ ಇಲ್ಲದಿರುವುದು ಇವನ್ನು ಕಳೆದಾಗ ಖಿನ್ನತೆಯ ಪ್ರತ್ಯೇಕ ಪ್ರಭಾವ ಬಹುತೇಕ ಕರಗಿಹೋಯಿತು.

ಎಂದರೆ, ಆ ಅಧ್ಯಯನದ ರೋಗಿಗಳಲ್ಲಿ ಖಿನ್ನತೆ ಹೃದಯವನ್ನು ಮುಖ್ಯವಾಗಿ ಕೆಡಿಸಿದ್ದು ದಿನಚರಿಯ ಮೂಲಕ. ಬೆಳಗ್ಗೆ ಏಳಲು ಮನಸ್ಸಿಲ್ಲ, ಆದ್ದರಿಂದ ನಡೆದಾಟವಿಲ್ಲ. ಯಾಕೆ ಬದುಕಬೇಕು ಎನ್ನಿಸುವವನಿಗೆ ಬಿಪಿ ಮಾತ್ರೆ ಯಾಕೆ ನೆನಪಾಗಬೇಕು? ಮರುತಪಾಸಣೆಯ ದಿನ ಬಂದರೆ ‘ಮುಂದಿನ ವಾರ ಹೋದರಾಯಿತು’. ಇದು ಸೋಮಾರಿತನದಂತೆ ಕಾಣುತ್ತದೆ, ಮನೆಯವರೂ ಹಾಗೆಂದೇ ಬೈಯುತ್ತಾರೆ. ಕಾಯಿಲೆಯ ಲಕ್ಷಣಕ್ಕೆ ಬೈದರೆ ಕಾಯಿಲೆ ವಾಸಿಯಾಗುವುದಿಲ್ಲ ಎಂಬುದು ಬೇರೆ ಮಾತು. ಕಾರಣ ಯಾವುದು, ಪರಿಣಾಮ ಯಾವುದು ಎಂಬ ಗೊಂದಲವೂ ಇಲ್ಲಿ ಪೂರ್ತಿ ಬಗೆಹರಿದಿಲ್ಲ: ಹೃದಯ ಹೆಚ್ಚು ಘಾಸಿಗೊಂಡವರೇ ನಡೆಯಲಾರದೆ, ಅದರಿಂದಲೇ ಖಿನ್ನರಾಗಿರಬಹುದು. ಎರಡೂ ದಿಕ್ಕಿನಲ್ಲಿ ಹರಿಯುವ ಸಂಬಂಧ ಇದು.

ಇನ್ನು ಚಿಕಿತ್ಸೆ. ಖಿನ್ನತೆಯನ್ನು ವಾಸಿಮಾಡಿದರೆ ಹೃದಯದ ಸಾವು ತಗ್ಗುತ್ತದೆಯೇ? ಈ ಪ್ರಶ್ನೆಯನ್ನು ನೇರವಾಗಿ ಕೇಳಿದ ಅತಿ ದೊಡ್ಡ ಪ್ರಯೋಗ ಅಮೆರಿಕದ ಎನ್‌ರಿಚ್ಡ್. ಹೃದಯಾಘಾತವಾಗಿ, ಖಿನ್ನತೆಯೋ ಒಂಟಿತನವೋ ಕಾಡುತ್ತಿದ್ದ 2,481 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆಪ್ತ ಸಮಾಲೋಚನೆಯ ಚಿಕಿತ್ಸೆ, ಬೇಕಾದವರಿಗೆ ಸೆರ್ಟ್ರಲಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟರು. 2003ರಲ್ಲಿ ಫಲಿತಾಂಶ ಬಂತು: ಖಿನ್ನತೆ ಸ್ವಲ್ಪ ಇಳಿಯಿತು, ಒಂಟಿತನವೂ ಸ್ವಲ್ಪ ತಗ್ಗಿತು, ಸಾವು ಮತ್ತು ಮರು ಹೃದಯಾಘಾತ ಮಾತ್ರ ಎರಡೂ ಗುಂಪುಗಳಲ್ಲಿ ಸಮ. ಅಪಾರ ಹಣ ಮತ್ತು ನಿರೀಕ್ಷೆ ಸುರಿದಿದ್ದ ಪ್ರಯೋಗ ಅದು. ಅದಕ್ಕೂ ಮುಂಚೆ, 2002ರಲ್ಲಿ, ಸ್ಯಾಡ್‌ಹಾರ್ಟ್ ಎಂಬ ಪ್ರಯೋಗ 369 ಹೃದಯ ರೋಗಿಗಳಲ್ಲಿ ಸೆರ್ಟ್ರಲಿನ್ ಸುರಕ್ಷಿತ ಎಂದೂ, ಮರುಕಳಿಸುವ ಖಿನ್ನತೆಯಲ್ಲಿ ಹೆಚ್ಚು ಉಪಯೋಗಿ ಎಂದೂ ತೋರಿಸಿತ್ತು. 2007ರಲ್ಲಿ ಕೆನಡಾದ ಇನ್ನೊಂದು ಪ್ರಯೋಗ ಸಿಟಲೋಪ್ರಾಮ್ ಎಂಬ ಇನ್ನೊಂದು ಮಾತ್ರೆಯ ಬಗ್ಗೆಯೂ ಅದೇ ಬಗೆಯ ಭರವಸೆ ಕೊಟ್ಟಿತು. ಹೃದಯ ವೈಫಲ್ಯ ಇರುವವರಲ್ಲಿ ಮಾತ್ರ ಈ ಮಾತ್ರೆಗಳು ನಿರಾಸೆ ಮಾಡಿದವು: 2010ರಲ್ಲಿ ಸೆರ್ಟ್ರಲಿನ್, 2016ರಲ್ಲಿ ಎಸಿಟಲೋಪ್ರಾಮ್, ಎರಡೂ ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೇನೂ ಕೆಲಸ ಮಾಡಲಿಲ್ಲ. ಖಿನ್ನತೆ ಇಳಿದದ್ದೂ ಎರಡೂ ಗುಂಪುಗಳಲ್ಲಿ ಹೆಚ್ಚೂಕಡಿಮೆ ಸಮ, ಆಯುಸ್ಸೂ ಹೆಚ್ಚಲಿಲ್ಲ.

ಇಷ್ಟು ನಿರಾಸೆಗಳ ನಡುವೆ 2018ರಲ್ಲಿ ದಕ್ಷಿಣ ಕೊರಿಯಾದಿಂದ ಒಂದು ಒಳ್ಳೆಯ ಸುದ್ದಿ ಬಂತು. ಹೃದಯಾಘಾತ ಅಥವಾ ಅದರ ಹೊಸ್ತಿಲಿನ ಸ್ಥಿತಿಯ ಜೊತೆ ಖಿನ್ನತೆಯೂ ಇದ್ದ 300 ಮಂದಿಗೆ 24 ವಾರ ಎಸಿಟಲೋಪ್ರಾಮ್ ಅಥವಾ ಹುಸಿ ಮಾತ್ರೆ ಕೊಟ್ಟು, ಸುಮಾರು ಎಂಟು ವರ್ಷ ಗಮನಿಸಿದರು. ಗಂಭೀರ ಹೃದಯ ಘಟನೆಗಳು ಮಾತ್ರೆಯ ಗುಂಪಿನಲ್ಲಿ ಶೇ 40.9, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 53.6. ವ್ಯತ್ಯಾಸ ದೊಡ್ಡದು. ಆದರೂ ಒಂದೇ ಕೇಂದ್ರ, ಮುನ್ನೂರು ಜನ. ಆರು ತಿಂಗಳ ಮಾತ್ರೆ ಎಂಟು ವರ್ಷ ಕಾಯುವುದು ಹೇಗೆ ಎಂಬುದಕ್ಕೂ ಸ್ಪಷ್ಟ ವಿವರಣೆ ಇಲ್ಲ. ಇನ್ನೊಂದು ದೊಡ್ಡ ಪ್ರಯೋಗ ಇದನ್ನು ದೃಢಪಡಿಸುವ ತನಕ ‘ಹೃದಯ ಉಳಿಸಲು ಖಿನ್ನತೆಯ ಮಾತ್ರೆ’ ಎಂದು ಬರೆಯುವುದು ಅವಸರವಾಗುತ್ತದೆ. ಖಿನ್ನತೆಗೆ ಮಾತ್ರೆ ಕೊಡಬೇಕಾದದ್ದು ಖಿನ್ನತೆ ಎಂಬ ನರಳಾಟ ಇದೆ ಎಂಬ ಕಾರಣಕ್ಕೆ. ಅದೇ ಸಾಕಾದಷ್ಟು ದೊಡ್ಡ ಕಾರಣ. ಹೃದಯಕ್ಕೂ ಲಾಭವಾಗುತ್ತದೆ ಎಂದು ತೋರಿಸಿದರೆ ಮಾತ್ರ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುತ್ತೇವೆ ಎನ್ನುವ ಧೋರಣೆಯಲ್ಲಿಯೇ ಏನೋ ತಪ್ಪಿದೆ.

ಕೊಡಗಿನಂತಹ ಜಿಲ್ಲೆ ಗಮನಿಸಬೇಕಾದ ಪ್ರಯೋಗಗಳು ಬೇರೆ ಇವೆ, ಅವು ಪತ್ರಿಕೆಗಳ ಮುಖಪುಟಕ್ಕೆ ಬರಲಿಲ್ಲ. 2010ರಲ್ಲಿ ಅಮೆರಿಕದ ವೇಯ್ನ್ ಕ್ಯಾಟನ್ ಮತ್ತು ತಂಡ, ಖಿನ್ನತೆಯ ಜೊತೆ ಸಕ್ಕರೆ ಕಾಯಿಲೆ ಅಥವಾ ಹೃದಯದ ಕಾಯಿಲೆ ಇದ್ದ 214 ಮಂದಿಯ ಪೈಕಿ ಒಂದು ಗುಂಪಿಗೆ ತರಬೇತಾದ ನರ್ಸ್‌ಗಳನ್ನು ಜೋಡಿಸಿತು. ನರ್ಸ್ ಆಗಾಗ ಮಾತನಾಡಿಸುತ್ತಾಳೆ, ಬಿಪಿ-ಶುಗರ್-ಮನಸ್ಥಿತಿ ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುತ್ತಾಳೆ, ಸುಧಾರಿಸದಿದ್ದರೆ ವೈದ್ಯರಿಗೆ ಹೇಳಿ ಔಷಧ ಬದಲಿಸುತ್ತಾಳೆ. ವರ್ಷದ ಕೊನೆಗೆ ಖಿನ್ನತೆ, ಸಕ್ಕರೆ, ಕೊಲೆಸ್ಟ್ರಾಲ್, ರಕ್ತದೊತ್ತಡ ನಾಲ್ಕೂ ಇಳಿದಿದ್ದವು. ಇದೇ ಮಾದರಿಯನ್ನು ಭಾರತಕ್ಕೆ ಒಗ್ಗಿಸಿ, ಬೆಂಗಳೂರಿನದೂ ಸೇರಿದಂತೆ ನಾಲ್ಕು ಕ್ಲಿನಿಕ್‌ಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 404 ಮಂದಿಯ ಮೇಲೆ ಪ್ರಯೋಗ ನಡೆಯಿತು. 2020ರಲ್ಲಿ ಪ್ರಕಟವಾದ ಅದರ ಪ್ರಕಾರ, ಎರಡು ವರ್ಷಗಳ ನಂತರ ಖಿನ್ನತೆ ಅರ್ಧಕ್ಕಿಳಿದು ಜೊತೆಗೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಶೇ 71.6, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 57.4. ಇಲ್ಲಿ ಪ್ರತಿ ರೋಗಿಯ ಮುಂದೆ ಮನೋವೈದ್ಯರು ಕುಳಿತಿರಲಿಲ್ಲ. ರೋಗಿಯ ಜೊತೆ ಸಂಪರ್ಕ ಇಟ್ಟುಕೊಳ್ಳುವವರು ಒಬ್ಬರು, ಅವರಿಗೆ ಹಿಂದಿನಿಂದ ಸಲಹೆ ಕೊಡುವವರು ಮನೋವೈದ್ಯರು.

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ತಂಡ ಇನ್ನೂ ಒಂದು ಹೆಜ್ಜೆ ಕೆಳಗಿಳಿಯಿತು. ತೀವ್ರ ಖಿನ್ನತೆಯ 495 ಮಂದಿಯಲ್ಲಿ ಅರ್ಧದಷ್ಟು ಜನರಿಗೆ, ವೈದ್ಯಕೀಯ ಹಿನ್ನೆಲೆಯೇ ಇಲ್ಲದೆ ತರಬೇತಿ ಪಡೆದ ಸಮಾಲೋಚಕರು ಆರರಿಂದ ಎಂಟು ಸಲ ಮಾತುಕತೆ ನಡೆಸಿದರು. ಮಾತುಕತೆಯ ತಿರುಳು ಸರಳ: ಮನಸ್ಸು ಸರಿಹೋದ ಮೇಲೆ ಕೆಲಸಕ್ಕಿಳಿಯೋಣ ಎಂದು ಕಾಯಬೇಡಿ, ನಿಮಗೆ ಮುಖ್ಯವಾದ ಸಣ್ಣ ಚಟುವಟಿಕೆಗಳಿಗೆ ಮೊದಲು ಮರಳಿ, ಮನಸ್ಸು ಹಿಂದೆ ಬರುತ್ತದೆ. ಮೂರು ತಿಂಗಳಲ್ಲಿ ಆ ಗುಂಪಿನಲ್ಲಿ ಶೇ 64 ಮಂದಿ ಚೇತರಿಸಿಕೊಂಡಿದ್ದರು. ಇನ್ನೊಂದು ಗುಂಪಿನಲ್ಲಿ ಶೇ 39. ಇದು 2017ರ ಪ್ರಕಟಣೆ. ಇದನ್ನೂ ಹೂಲಿಯವರ ಅಧ್ಯಯನವನ್ನೂ ಒಟ್ಟಿಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಖಿನ್ನತೆಯಿಂದ ಹೃದಯಕ್ಕೆ ಹೋಗುವ ಹಾನಿಯ ದಾರಿ ಬಹುಮಟ್ಟಿಗೆ ನಿಂತುಹೋದ ಚಟುವಟಿಕೆ. ಗೋವಾದ ಚಿಕಿತ್ಸೆ ಕೈಹಾಕಿದ್ದೂ ಅದಕ್ಕೇ. ಈ ಎರಡನ್ನು ಜೋಡಿಸಿ ಹೃದಯಾಘಾತ ತಗ್ಗುತ್ತದೆಂದು ಯಾರೂ ಇನ್ನೂ ಸಾಬೀತು ಮಾಡಿಲ್ಲ. ಆದರೆ ಮುಂದಿನ ಪ್ರಯತ್ನ ಎಲ್ಲಿ ನಡೆಯಬೇಕು ಎಂದರೆ ನಾನು ಬೆರಳು ತೋರಿಸುವುದು ಇತ್ತ ಕಡೆಗೆ.

ಈಗ ಕೊಡಗಿನ ನೆಲದ ಮೇಲೆ ನಿಂತು ನೋಡೋಣ. ಹೃದಯಾಘಾತದ ಮೊದಲ ಗಂಟೆಯ ಬಗ್ಗೆ ರಾಜ್ಯ ಸಾಕಷ್ಟು ಯೋಚಿಸಿದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್; ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಇನ್ನೂ ದೂರ. ಇಷ್ಟು ದೂರ ಕ್ರಮಿಸಬೇಕಾದ ಜಿಲ್ಲೆಗೆ ಆ ಚುಚ್ಚುಮದ್ದಿನ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಆಂಜಿಯೋಗ್ರಾಂ, ಕಟ್ಟಿದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್, ನಾಲ್ಕಾರು ದಿನ ವಾರ್ಡ್, ಒಂದು ಫೈಲ್, ಐದಾರು ಬಗೆಯ ಮಾತ್ರೆ. ವಾಹನ ಬೆಟ್ಟ ಹತ್ತಿ ಮನೆ ಸೇರುತ್ತದೆ. ಖಿನ್ನತೆ ತಲೆಯೆತ್ತುವುದು ಇಲ್ಲಿಂದ ಮುಂದಿನ ವಾರಗಳಲ್ಲಿ, ತಿಂಗಳುಗಳಲ್ಲಿ. ಹೃದಯಾಘಾತವಾದ ಐದರಲ್ಲಿ ಒಬ್ಬರಿಗಾದರೂ ಗಂಭೀರ ಖಿನ್ನತೆ ಬರುತ್ತದೆ ಎಂಬುದು ಹಲವು ಅಧ್ಯಯನಗಳ ಒಟ್ಟು ಅಂದಾಜು. ಬಿಡುಗಡೆಯ ಕಾಗದದಲ್ಲಿ ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ ಎಂದು ಬರೆದಿರುತ್ತದೆ. ಮನಸ್ಸಿನ ಬಗ್ಗೆ ಒಂದು ಸಾಲು ಇರುವುದು ಅಪರೂಪ.

ಮನೆ ಸೇರಿದವರ ಪರಿಸ್ಥಿತಿಯೂ ಒಂದೇ ಬಗೆಯದಲ್ಲ. ತೋಟದ ಮನೆಯಲ್ಲಿ ಅರುವತ್ತೈದು ಎಪ್ಪತ್ತರ ದಂಪತಿ, ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ. ಹತ್ತಿರದ ಮನೆ ಅರ್ಧ ಮೈಲಿ ದೂರ. ಇದು ಇವತ್ತು ಜಿಲ್ಲೆಯ ಉದ್ದಗಲಕ್ಕೂ ಕಾಣುವ ಚಿತ್ರ. ಈಚೆಗೆ ರೋಬಸ್ಟಾ ಕಾಫಿಯ ಬೆಲೆ ದಾಖಲೆ ಮುಟ್ಟಿದಾಗ ಸಾಲ ತೀರಿಸಿದವರಿದ್ದಾರೆ, ಆದರೆ ಸಂಜೆ ಮಾತನಾಡಲು ಜನ ಬೇಕು ಎಂಬ ಕೊರತೆಗೆ ಚೀಲದ ದರ ಪರಿಹಾರವಲ್ಲ. ಇನ್ನೊಂದು ಕಡೆ ತೋಟದವರು ಕೊಟ್ಟ ಲೈನ್ ಮನೆಗಳ ಕಾರ್ಮಿಕರು. ಅವರಿಗೆ ದೈಹಿಕ ಚಟುವಟಿಕೆ ಸಾಲದು ಎಂದು ಯಾವ ಸಂಶೋಧನೆಯೂ ಹೇಳಲಾರದು. ಸ್ಟೆಂಟ್ ಹಾಕಿಸಿಕೊಂಡ ಮೇಲೆ ಭಾರ ಹೊರಬೇಡ ಎಂದರೆ ಕೂಲಿ ನಿಲ್ಲುತ್ತದೆ, ಕೂಲಿ ನಿಂತರೆ ಮನೆಯೇ ಕೈತಪ್ಪುವ ಭಯ. ಆ ಭಯ ಖಿನ್ನತೆಯಾಗಲು ಹೆಚ್ಚು ದಿನ ಬೇಕಿಲ್ಲ. ಮೂರನೆಯ ಕಡೆ 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಮನೆ-ತೋಟ ಕಳೆದುಕೊಂಡು ಜಂಬೂರು, ಕರ್ಣಂಗೇರಿ, ಮದೆನಾಡಿನ ಹೊಸ ಮನೆಗಳಿಗೆ ಬಂದವರು. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಅದೇ ಮರುಕಳಿಸಿತು. ಮನೆ ಕಟ್ಟಿಕೊಟ್ಟ ಲೆಕ್ಕ ಸರ್ಕಾರದ ಬಳಿ ಇದೆ. ಆಗಸ್ಟ್ ಮಳೆ ಜೋರಾದ ರಾತ್ರಿ ನಿದ್ದೆ ಬಾರದವರ ಲೆಕ್ಕ ಇಡುವ ಪುಸ್ತಕ ಇದ್ದಂತಿಲ್ಲ.

ಹೃದಯ ರೋಗಿಗೆ ಎಲ್ಲರೂ ಕೊಡುವ ಸಲಹೆ ‘ದಿನಾ ಅರ್ಧ ಗಂಟೆ ನಡೆಯಿರಿ’. ಸಲಹೆ ಸರಿಯಾದದ್ದೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹೃದಯದ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 101 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಕ್ರಮಬದ್ಧ ವ್ಯಾಯಾಮವು ಖಿನ್ನತೆ ಇಳಿಸುವುದರಲ್ಲಿ ಸೆರ್ಟ್ರಲಿನ್ ಮಾತ್ರೆಗೆ ಸಮನಾಗಿ ನಿಂತಿತು. ಆದರೆ ಈ ಸಲಹೆಯನ್ನು ಕಕ್ಕಡ ತಿಂಗಳಲ್ಲಿ ಕೊಡಗಿನವನಿಗೆ ಕೊಟ್ಟು ನೋಡಿ. ಹಗಲಿಡೀ ಸುರಿಯುವ ಮಳೆ, ಜಾರುವ ಹಾದಿ, ಜಿಗಣೆ. ಮಳೆ ಬಿಟ್ಟ ಮೇಲೆ ಸಿದ್ದಾಪುರ, ವಿರಾಜಪೇಟೆಯ ತೋಟಗಳ ಬದಿಯಲ್ಲಿ ಬೆಳಗಿನ ಜಾವ ನಡೆಯಲು ಹೊರಟರೆ ಎದುರಿಗೆ ಆನೆ. ನಗರದ ಉದ್ಯಾನವನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಲಹೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರದ್ದಾಗುತ್ತದೆ, ನಂತರ ರೂಢಿ ತಪ್ಪಿದ್ದರಿಂದ ಹಾಗೆಯೇ ಉಳಿಯುತ್ತದೆ. ಕಾಫಿ ಒಣಗಿಸುವ ಕಣದಲ್ಲೋ, ಉದ್ದದ ಜಗಲಿಯಲ್ಲೋ, ಊರಿನ ಸಮಾಜದ ಕಟ್ಟಡದಲ್ಲೋ ಮಾಡಬಹುದಾದ ಚಟುವಟಿಕೆಯನ್ನು ರೋಗಿಯ ಜೊತೆ ಕುಳಿತು ಯೋಚಿಸುವವರು ಬೇಕು. ಯೋಗದ ಮಾತು ಬಂದೇ ಬರುತ್ತದೆ, ಅದಕ್ಕೂ ಭಾರತದ್ದೇ ಆಧಾರ ಇದೆ: ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯೋಗಾಧಾರಿತ ಪುನಶ್ಚೇತನ ಪಡೆದವರು ತಮ್ಮ ಆರೋಗ್ಯ ಹೆಚ್ಚು ಸುಧಾರಿಸಿದೆ ಎಂದರು. ಸಾವು ಮತ್ತು ಮರು ಹೃದಯಾಘಾತಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಮಳೆಗಾಲದಲ್ಲಿ ಒಳಗೆ ಮಾಡಬಹುದು ಎಂಬ ಒಂದೇ ಕಾರಣಕ್ಕೂ ಅದು ನಮಗೆ ಒಗ್ಗುತ್ತದೆ.

ರೋಗಿಯನ್ನು ಏನು ಕೇಳಬೇಕು ಎಂಬುದೂ ದೊಡ್ಡ ವಿದ್ಯೆಯಲ್ಲ. ವೈದ್ಯರು ಜಗತ್ತಿನಾದ್ಯಂತ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲ ಎರಡನ್ನು ಯಾರು ಬೇಕಾದರೂ ಕೇಳಬಹುದು: ಕಳೆದ ಎರಡು ವಾರಗಳಲ್ಲಿ, ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ? ಮನಸ್ಸು ಕುಗ್ಗಿದೆ, ಬೇಸರ, ಯಾವ ಭರವಸೆಯೂ ಇಲ್ಲ ಎನ್ನಿಸಿದೆಯೇ? ಸುಸ್ತು, ನಿದ್ದೆಗೇಡು, ಹಸಿವಿಲ್ಲದಿರುವುದು ಹೃದಯಾಘಾತದ ನಂತರ ಖಿನ್ನತೆ ಇಲ್ಲದವರಲ್ಲೂ ಇರುತ್ತವೆ, ಆದ್ದರಿಂದ ಅವುಗಳ ಮೇಲೆ ತೀರ್ಮಾನಕ್ಕೆ ಬರುವುದು ಕಷ್ಟ. ಈ ಎರಡು ಪ್ರಶ್ನೆಗಳು ಅದಕ್ಕಿಂತ ಚೆನ್ನಾಗಿ ಸೋಸುತ್ತವೆ. ಆದರೆ ಕೇಳಿ ಸುಮ್ಮನಾದರೆ? ಅಮೆರಿಕದಲ್ಲಿ 1,500 ಹೃದಯ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಖಿನ್ನತೆಗಾಗಿ ಎಲ್ಲರನ್ನೂ ತಪಾಸಣೆ ಮಾಡಿ ವೈದ್ಯರಿಗೆ ತಿಳಿಸಿದ್ದರಿಂದ ರೋಗಿಗಳ ಬದುಕಿನ ಗುಣಮಟ್ಟದಲ್ಲಿ ಏನೂ ಬದಲಾಗಲಿಲ್ಲ. ತಪಾಸಣಾ ಶಿಬಿರ ನಡೆಸಿ, ಫೋಟೊ ತೆಗೆಸಿ, ಅರ್ಜಿ ತುಂಬಿಸಿ ಮುಗಿಸುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಖಾರವಾದ ಉತ್ತರ ಇಲ್ಲ.

ತಿರುಗಿದ ದಿಕ್ಕಿನ ಅಪಾಯವೂ ಒಂದಿದೆ. ಒಮ್ಮೆ ‘ಮನಸ್ಸಿನ ಕಾಯಿಲೆ’ಯವಳು ಎಂದು ಹೆಸರಾದ ಹೆಂಗಸು ಎದೆ ಬಿಗಿಯುತ್ತಿದೆ ಎಂದರೆ ಮನೆಯಲ್ಲಿ, ಕೆಲವೊಮ್ಮೆ ಆಸ್ಪತ್ರೆಯಲ್ಲೂ, ‘ಗ್ಯಾಸ್ ಇರಬೇಕು’, ‘ಹೆದರಿಕೆ ಇರಬೇಕು’ ಎಂಬ ಉತ್ತರ ಸಿದ್ಧವಿರುತ್ತದೆ. ಖಿನ್ನತೆ ಇರುವವರಿಗೆ ಹೃದಯದ ಅಪಾಯ ಹೆಚ್ಚು ಎಂಬ ಸಂಶೋಧನೆಯ ಮೊದಲ ಉಪಯೋಗ ಅವರ ಎದೆನೋವಿಗೆ ಇತರರಷ್ಟೇ ಬೇಗ ಇಸಿಜಿ ತೆಗೆಯುವುದು. ಮನಸ್ಸಿನ ಮಾತು ಆಮೇಲೆ.

ಮಾತ್ರೆಗಳ ಬಗ್ಗೆ ಕೆಲವು ವಿಷಯ ತಿಳಿದಿದ್ದರೆ ಒಳ್ಳೆಯದು. ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್‌ನಂತಹ ಹಳೆಯ ತಲೆಮಾರಿನ ಔಷಧಗಳು ಹೃದಯದ ವಿದ್ಯುತ್ ವ್ಯವಸ್ಥೆಯನ್ನು ಏರುಪೇರು ಮಾಡಬಲ್ಲವು. ಹೃದಯಾಘಾತವಾದವರಿಗೆ ಅವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ನಿದ್ದೆಗೆಂದೋ ನರನೋವಿಗೆಂದೋ ಬರೆದುಕೊಟ್ಟ ಹಳೆಯ ಚೀಟಿ ಮನೆಯಲ್ಲಿದ್ದರೆ ಹೃದ್ರೋಗ ತಜ್ಞರಿಗೆ ತೋರಿಸಬೇಕು. ಸೆರ್ಟ್ರಲಿನ್‌ನಂತಹ ಹೊಸ ಮಾತ್ರೆಗಳು ಹೆಚ್ಚು ಸುರಕ್ಷಿತ, ಆದರೆ ಪ್ಲೇಟ್‌ಲೆಟ್‌ಗಳ ಅಂಟು ತಗ್ಗಿಸುವುದರಿಂದ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ರಕ್ತಸ್ರಾವದ ಸಂಭವ ಸ್ವಲ್ಪ ಹೆಚ್ಚು. ಸಿಟಲೋಪ್ರಾಮ್ ಹೆಚ್ಚಿನ ಪ್ರಮಾಣದಲ್ಲಿ ಹೃದಯದ ಲಯ ಕೆಡಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದಾರೆ. ಇದನ್ನೋದಿ ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ಕಳವಳ ಕಾಡುತ್ತವೆ, ಖಿನ್ನತೆಯೂ ಮರಳಬಹುದು. ‘ಬಿಪಿ ಮಾತ್ರೆಯಿಂದಲೇ ನನ್ನ ಮನಸ್ಸು ಹೀಗಾಯಿತು’ ಎಂದು ಬೀಟಾ ಬ್ಲಾಕರ್‌ಗಳನ್ನು ದೂರಿ ಬಿಟ್ಟುಬಿಡುವವರಿದ್ದಾರೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆ, ಅವುಗಳಿಂದ ಆಯಾಸ ಸ್ವಲ್ಪ ಹೆಚ್ಚಬಹುದು, ಖಿನ್ನತೆಯ ಲಕ್ಷಣಗಳು ಗಣನೀಯವಾಗಿ ಹೆಚ್ಚುವುದಿಲ್ಲ ಎಂದಿತು. ಇನ್ನು ಮದ್ಯ. ನಮ್ಮ ಕಡೆಯ ಮದುವೆ, ಹಬ್ಬಗಳಲ್ಲಿ ಅದು ಆತಿಥ್ಯದ ಭಾಗ, ಅದರ ಬಗ್ಗೆ ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ. ನಿದ್ದೆ ಬರಲೆಂದು ಒಬ್ಬರೇ ಕುಳಿತು ದಿನಾ ಕುಡಿಯುವುದು ಮಾತ್ರ ಬೇರೆ ಸಂಗತಿ, ಅದು ಖಿನ್ನತೆಯನ್ನೂ ರಕ್ತದೊತ್ತಡವನ್ನೂ ಒಟ್ಟಿಗೆ ಏರಿಸುತ್ತದೆ.

ವ್ಯವಸ್ಥೆಯೇ ಇಲ್ಲ ಎಂದು ದೂರುವಂತಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ರಾಷ್ಟ್ರೀಯ ಯೋಜನೆ ಹುಟ್ಟಿದ್ದೇ ನಮ್ಮ ರಾಜ್ಯದಲ್ಲಿ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು, 1996ರಲ್ಲಿ ಅದೇ ದೇಶದ ಕಾರ್ಯಕ್ರಮವಾಯಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿದೆ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ದಿನದ 24 ಗಂಟೆ ಉಚಿತವಾಗಿ ಸಿಗುತ್ತದೆ. ಬದುಕು ಬೇಡವೆನ್ನಿಸುವ ಯೋಚನೆ ಯಾರಿಗಾದರೂ ಬರುತ್ತಿದ್ದರೆ ಮುಂದಿನ ಮಂಗಳವಾರಕ್ಕೆ ಕಾಯದೆ ಆ ಸಂಖ್ಯೆಗೆ ಕರೆ ಮಾಡಬೇಕು, ಇಲ್ಲವೇ ನೇರ ಆಸ್ಪತ್ರೆಗೆ ಹೋಗಬೇಕು. ಗಾಳಿಮಳೆಗೆ ಮೊಬೈಲ್ ಟವರ್ ಕೈಕೊಡುವ ಊರುಗಳಲ್ಲಿ ಸಹಾಯವಾಣಿಯನ್ನೇ ನಂಬಿ ಕೂರಲಾಗದು ಎಂಬುದನ್ನೂ ಇಲ್ಲೇ ಸೇರಿಸಬೇಕು.

ಕೊರತೆ ಇರುವುದು ಈ ತುಂಡುಗಳ ನಡುವೆ. ಸ್ಟೆಂಟ್ ಹಾಕಿದ ಮೈಸೂರಿನ ಆಸ್ಪತ್ರೆಗೆ ರೋಗಿ ಯಾವ ಪ್ರಾಥಮಿಕ ಕೇಂದ್ರದ ವ್ಯಾಪ್ತಿಯವನು ಎಂಬುದು ಬೇಕಿಲ್ಲ. ಪ್ರಾಥಮಿಕ ಕೇಂದ್ರಕ್ಕೆ ತನ್ನ ವ್ಯಾಪ್ತಿಯಲ್ಲಿ ಯಾರಿಗೆ ಸ್ಟೆಂಟ್ ಆಯಿತು ಎಂಬ ಸುದ್ದಿ ಬರುವುದಿಲ್ಲ. ಮಂಗಳವಾರದ ಮನೋವೈದ್ಯರ ಬಳಿಗೆ ಹೃದಯ ರೋಗಿ ಹೋಗುವುದಿಲ್ಲ, ತನಗೆ ಅಲ್ಲೇನು ಕೆಲಸ ಎಂದುಕೊಳ್ಳುತ್ತಾನೆ. ಮೊದಲ ತಿಂಗಳು, ಮೂರನೇ ತಿಂಗಳು, ಆರನೇ ತಿಂಗಳು ಆ ಎರಡು ಪ್ರಶ್ನೆಗಳನ್ನು ಕೇಳಿ, ಬಿಪಿ ನೋಡಿ, ಮಾತ್ರೆ ಎಣಿಸಿ, ಬೇಕಾದರೆ ಮಂಗಳವಾರಕ್ಕೆ ಕಳಿಸಿ, ಹೋದರೋ ಇಲ್ಲವೋ ಎಂದು ಮತ್ತೆ ವಿಚಾರಿಸುವ ಒಬ್ಬರು ಬೇಕು. ಕ್ಯಾಟನ್ ಅವರ ನರ್ಸ್ ಮಾಡಿದ್ದು ಹೆಚ್ಚೂಕಡಿಮೆ ಇದನ್ನೇ. ಕೊಡಗು ಸಣ್ಣ ಜಿಲ್ಲೆ. ಐದು ತಾಲ್ಲೂಕು, ವರ್ಷಕ್ಕೆ ಹೃದಯಾಘಾತವಾಗಿ ಮನೆಗೆ ಮರಳುವವರ ಪಟ್ಟಿ ಮಾಡುವುದು ಅಸಾಧ್ಯವಲ್ಲ. ಅದನ್ನು ಸಮುದಾಯ ಆರೋಗ್ಯ ಅಧಿಕಾರಿಗೋ ಆಶಾ ಕಾರ್ಯಕರ್ತೆಗೋ ಒಪ್ಪಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಗರ್ಭಿಣಿಯರ ಪಟ್ಟಿ, ಲಸಿಕೆಯ ಪಟ್ಟಿ, ಸಮೀಕ್ಷೆಗಳ ಮೇಲೆ ಸಮೀಕ್ಷೆ ಹೊತ್ತು, ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂರಬೇಕಾದ ಆಶಾಗೆ ಇದನ್ನೂ ಬಿಟ್ಟಿಯಾಗಿ ಹೊರಿಸಿದರೆ, ಮೂರನೇ ತಿಂಗಳ ಭೇಟಿ ರಿಜಿಸ್ಟರಿನಲ್ಲಿ ಮಾತ್ರ ನಡೆಯುತ್ತದೆ.